ಕೊನೇ ಮನೆಗೆ ಹೋಗೋರು ಯಾರು?

2001ರ ಫೆಬ್ರವರಿ. ನಾನು ಆರನೇ ಕ್ಲಾಸು. ನಮ್ಮೂರ ಶಾಲೆ ಮೇಷ್ಟ್ರಿಗೆ ಜನಗಣತಿ ಡ್ಯೂಟಿ ಬಿದ್ದಿತ್ತು. ಮೇಷ್ಟ್ರು ಬಯಲುಸೀಮೆ ಕಡೆಯವರು. ನಮ್ಮ ಮಲೆನಾಡಿನ ಮನೆಗಳೋ, ಒಂದು ಇಲ್ಲಿದ್ದರೆ ಇನ್ನೊಂದು ಗುಡ್ಡದಾಚೆ. ಹಾಗಾಗಿ ಶಾಲೆ ಬಿಟ್ಟ ಮೇಲೆ ದಾರಿ ತೋರಿಸೋಕೆ ನನ್ನನ್ನು ಕರ್ಕೊಂಡು ಹೋಗ್ತಿದ್ರು. ಅವರ ಕೈಯಲ್ಲಿ ಫಾರಂಗಳ ಕಟ್ಟು, ನನ್ನ ಕೈಯಲ್ಲಿ ನಾಯಿ ಓಡಿಸೋಕೆ ಒಂದು ಕೋಲು.

ಒಂದು ಸಂಜೆ ಉಳಿದಿದ್ದು ಒಂದೇ ಮನೆ. ತೋಟ ದಾಟಿ, ಸಂಕ ದಾಟಿ, ಕಾಡಂಚಿನಲ್ಲಿದ್ದ ಅಜ್ಜಿ ಮನೆ. ನನಗೆ ಕಾಲು ನೋಯ್ತಿತ್ತು. "ಅಲ್ಲಿ ಅಜ್ಜಿ ಒಬ್ರೇ ಇರೋದು ಸಾರ್. ಹೆಸರು, ವಯಸ್ಸು ಎಲ್ಲ ನಾನೇ ಹೇಳ್ತೀನಿ, ಬರ್ಕೊಳ್ಳಿ" ಅಂದೆ. ಮೇಷ್ಟ್ರು ನಕ್ಕರು. "ಮನೆ ಬಾಗಿಲಲ್ಲಿ ನಿಂತು ಕೇಳಿ ಬರೀಬೇಕು ಅಂತ ಹೇಳ್ಕೊಟ್ಟಿದ್ದಾರೆ ಕಣೋ, ನಡಿ" ಅಂದರು.

ಹೋದರೆ ಮನೆಯಲ್ಲಿ ಮೂರು ಜನ. ಅಜ್ಜಿ, ಅಜ್ಜಿಯ ಮಗಳು, ಮಗಳ ತೊಡೆ ಮೇಲೆ ಒಂದು ಕೂಸು. ಗಂಡನ ಮನೆ ಬಿಟ್ಟು ಬಂದು ಆರು ತಿಂಗಳಾಗಿತ್ತಂತೆ. ಊರಿನ ದೊಡ್ಡವರಿಗೆ ಗೊತ್ತಿತ್ತೋ ಏನೋ, ನನಗಂತೂ ಗೊತ್ತಿರಲಿಲ್ಲ. ಮೇಷ್ಟ್ರು ಬೇರೇನೂ ಕೇಳದೆ ಮೂರು ಹೆಸರು ಬರೆದರು. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ ಅಂದಾಗ ಮಾತ್ರ ಪೆನ್ನು ಒಂದು ಕ್ಷಣ ನಿಂತಿತ್ತು. ನನ್ನ ಮಾತು ಕೇಳಿದ್ದರೆ ಆ ಮನೆಯ ಲೆಕ್ಕ ಒಂದು ಅಂತಲೇ ದಿಲ್ಲಿ ತಲುಪುತ್ತಿತ್ತು. ತಪ್ಪು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಜ್ಜಿ ಮನೆ ಮತ್ತೆ ನೆನಪಾಗೋಕೆ ಇಪ್ಪತ್ನಾಲ್ಕು ವರ್ಷ ಬೇಕಾಯ್ತು. ನೆನಪಾಗಿದ್ದು ಬೆಂಗಳೂರಿನ ಆಫೀಸಿನಲ್ಲಿ, ಅಮೆರಿಕ ಸರ್ಕಾರದ ಒಂದು ಟೇಬಲ್ ಮುಂದೆ ಕೂತಾಗ.

ನನ್ನ ಕೆಲಸ ಸ್ವಲ್ಪ ಹೇಳಬೇಕು. ನಮ್ಮ ಕ್ಲೈಂಟ್ ಅಮೆರಿಕದವರು, ಗೋದಾಮುಗಳನ್ನು ಬಾಡಿಗೆಗೆ ಕೊಡ್ತಾರೆ. ವರ್ಷಕ್ಕೊಮ್ಮೆ ಬಾಡಿಗೆ ಎಷ್ಟು ಏರಬೇಕು ಅನ್ನೋದು ಅಲ್ಲಿನ ಗ್ರಾಹಕ ಬೆಲೆ ಸೂಚ್ಯಂಕದ ಮೇಲೆ ನಿಂತಿದೆ. ಅದನ್ನು ಲೆಕ್ಕ ಹಾಕೋದು ಬ್ಯೂರೋ ಆಫ್ ಲೇಬರ್ ಸ್ಟ್ಯಾಟಿಸ್ಟಿಕ್ಸ್, 1884ರಲ್ಲಿ ಶುರುವಾದ ಸಂಸ್ಥೆ. ಅಂಕಿ ಹೊರಬೀಳೋದು ಅಲ್ಲಿನ ಬೆಳಗ್ಗೆ ಎಂಟೂವರೆಗೆ. ನಮಗೆ ಬೇಸಿಗೆಯಲ್ಲಿ ಸಂಜೆ 6 ಗಂಟೆ, ಚಳಿಗಾಲದಲ್ಲಿ 7. ನನ್ನ ಸ್ಕ್ರಿಪ್ಟ್ ಅದನ್ನು ಎಳ್ಕೊಂಡು ಬಂದು ಸಾವಿರಾರು ಒಪ್ಪಂದಗಳಿಗೆ ಹಂಚುತ್ತೆ. ನಾನು ಟೀ ಕುಡೀತಾ ನೋಡ್ತೀನಿ, ಅಷ್ಟೇ.

ಆ ಅಂಕಿ ಎಲ್ಲಿಂದ ಬರುತ್ತೆ ಅಂತ ವರ್ಷಗಟ್ಟಲೆ ನಾನು ಯೋಚಿಸಿರಲಿಲ್ಲ. ಸೂಪರ್ ಮಾರ್ಕೆಟ್ಟಿನ ಬಿಲ್ಲೆಲ್ಲ ತಾನಾಗೇ ಸರ್ವರ್‌ಗೆ ಹೋಗಿ ಬೀಳುತ್ತೆ ಅಂದ್ಕೊಂಡಿದ್ದೆ. ಆಮೇಲೆ ಓದಿ ತಿಳ್ಕೊಂಡೆ. ಇವತ್ತಿಗೂ ಬಹುಪಾಲು ಮನುಷ್ಯರೇ ಅಂಗಡಿಗೆ ಹೋಗ್ತಾರೆ, ಇಲ್ಲಾ ಫೋನ್ ಮಾಡಿ ಕೇಳ್ತಾರೆ. ಅದೇ ಅಂಗಡಿ, ಅದೇ ಬ್ರ್ಯಾಂಡು, ಅದೇ ಸೈಜಿನ ಪ್ಯಾಕೆಟ್ಟು. ಬೆಲೆ ಅಷ್ಟೇ ಇದ್ದು ಪ್ಯಾಕೆಟ್ ಸಣ್ಣದಾಗಿದ್ದರೆ ಅದನ್ನೂ ಬರ್ಕೋತಾರೆ. ನಮ್ಮ ಅಮ್ಮ ಬಿಸ್ಕತ್ ಪ್ಯಾಕೆಟ್ ಹಿಡಿದು "ಮೊದಲಿನಷ್ಟು ಇಲ್ಲ ಕಣೋ" ಅಂತಾಳಲ್ಲ, ಅದೇ ಕೆಲಸ, ಸಂಬಳ ಕೊಟ್ಟು ಮಾಡಿಸೋದು. ಹೀಗೆ 75 ನಗರ ಪ್ರದೇಶಗಳಲ್ಲಿ, ತಿಂಗಳು ತಿಂಗಳೂ.

2025ರ ಜನವರಿಯಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ನೌಕರಿಗಳಿಗೆ ಹೊಸಬರನ್ನು ತಗೊಳ್ಳೋದು ನಿಂತಿತು. ಇದ್ದವರಲ್ಲೂ ಹಲವರು ಬಿಟ್ಟು ಹೋದರು. ಮೇಲಿನ ಆಫೀಸಿನಲ್ಲಿ ಒಬ್ಬರು ಕಮ್ಮಿಯಾದರೆ ಪಕ್ಕದವರು ರಾತ್ರಿ ಕೂತು ಮುಗಿಸಬಹುದು. ಅಂಗಡಿಗೆ ಹೋಗೋರು ಕಮ್ಮಿಯಾದರೆ ಅಂಗಡಿಗೆ ಯಾರೂ ಹೋಗಲ್ಲ, ಅಷ್ಟೇ. ಏಪ್ರಿಲ್‌ನಲ್ಲಿ ನೆಬ್ರಾಸ್ಕಾದ ಲಿಂಕನ್ ಮತ್ತು ಯೂಟಾದ ಪ್ರೊವೊ ಊರುಗಳಲ್ಲಿ ಬೆಲೆ ಕೇಳೋದನ್ನೇ ನಿಲ್ಲಿಸಿದರು. ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ. ಉಳಿದ 72 ಕಡೆಗಳಲ್ಲೂ ಸರಾಸರಿ ಶೇ. 15ರಷ್ಟು ಸ್ಯಾಂಪಲ್ ಕೈಬಿಟ್ಟರು.

ಹಾಗಂತ ಟೇಬಲ್ಲು ಖಾಲಿ ಬರಲಿಲ್ಲ. ಇಲ್ಲೇ ಇರೋದು ನೋಡಿ ವಿಷಯ. ಬೆಲೆ ಸಿಗದಿದ್ದಾಗ ಅಂದಾಜು ತುಂಬೋ ಪದ್ಧತಿ ಮೊದಲಿಂದಲೂ ಇದೆ, ಅದರಲ್ಲಿ ತಪ್ಪೇನಿಲ್ಲ. ಸಾಮಾನ್ಯವಾಗಿ ಅದೇ ಊರಿನ, ಅದೇ ಥರದ ವಸ್ತುವಿನ ಬೆಲೆ ನೋಡಿ ತುಂಬ್ತಾರೆ. ಅದೂ ಸಾಕಷ್ಟು ಸಿಗದಿದ್ದರೆ ಬೇರೆ ಊರಿನದ್ದನ್ನೋ, ಸ್ವಲ್ಪ ಬೇರೆ ಥರದ ವಸ್ತುವಿನದ್ದನ್ನೋ ತಗೋಬೇಕು. ಅಂದಾಜು ಮಾಡಿದ ಬೆಲೆಗಳ ಪೈಕಿ ಈ ಎರಡನೇ ಥರದವು ಮಾಮೂಲಿಯಾಗಿ ನೂರಕ್ಕೆ ಹತ್ತರ ಆಸುಪಾಸು ಇರ್ತಿದ್ದವು. 2025ರ ಜೂನ್ ಹೊತ್ತಿಗೆ 35 ಆದವು. ಒಟ್ಟು ಸೂಚ್ಯಂಕಕ್ಕೆ ಇದರಿಂದ ಆಗೋ ವ್ಯತ್ಯಾಸ ತುಂಬಾ ಕಡಿಮೆ, ಬಿಡಿ ಊರು, ಬಿಡಿ ವಸ್ತುಗಳ ಅಂಕಿ ಮಾತ್ರ ಹೆಚ್ಚು ಏರಿಳಿಯಬಹುದು ಅಂತ ಸಂಸ್ಥೆಯೇ ಹೇಳಿತು. ಸಂಸ್ಥೆ ಮುಚ್ಚಿಟ್ಟಿಲ್ಲ, ಎಲ್ಲ ಹೇಳಿಯೇ ಮಾಡಿದೆ. ಆದರೆ ಲಿಂಕನ್‌ನಲ್ಲಿ ಹಾಲು ಕೊಳ್ಳೋ ಮುದುಕಿಯ ಮನೆಗೆ ಹೋಗೋ ಬದಲು ಪಕ್ಕದ ಊರಿನ ಹುಡುಗ "ನಾನೇ ಹೇಳ್ತೀನಿ, ಬರ್ಕೊಳ್ಳಿ" ಅಂದ ಹಾಗೆ ಆಯ್ತಲ್ಲ ಅನ್ನಿಸಿತು ನನಗೆ.

ಮುದುಕಿ ಅಂದಿದ್ದು ಸುಮ್ಮನೆ ಅಲ್ಲ. ಅಮೆರಿಕದಲ್ಲಿ ಸುಮಾರು ಏಳು ಕೋಟಿ ಜನರ ಸೋಷಿಯಲ್ ಸೆಕ್ಯುರಿಟಿ ಹಣ ಪ್ರತಿ ವರ್ಷ ಎಷ್ಟು ಏರಬೇಕು ಅಂತ ತೀರ್ಮಾನ ಆಗೋದು ಇದೇ ಸಂಸ್ಥೆಯ ಸೂಚ್ಯಂಕದಿಂದ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ನಮ್ಮಲ್ಲಿ ಸರ್ಕಾರಿ ನೌಕರರ ತುಟ್ಟಿಭತ್ಯೆ ಇಂಥದ್ದೇ ಒಂದು ಸೂಚ್ಯಂಕದ ಮೇಲೆ ನಿಂತಿರೋ ಹಾಗೆ. ದಶಮಾಂಶದ ಆಚೆಗಿನ ಒಂದು ಅಂಕಿ ಆಚೀಚೆ ಆದರೂ ಯಾರದ್ದೋ ಮನೆಯ ತಿಂಗಳ ಕೊನೆಗೆ ತಟ್ಟುತ್ತೆ.

ಅದೇ ವರ್ಷ ಆಗಸ್ಟ್ 1ರಂದು ಇನ್ನೊಂದಾಯ್ತು. ಉದ್ಯೋಗದ ಅಂಕಿ ಬಂತು. ಹಿಂದಿನ ಎರಡು ತಿಂಗಳ ಲೆಕ್ಕವನ್ನು ಒಟ್ಟು 2,58,000 ಕೆಳಗಿಳಿಸಿ ತಿದ್ದಿದ್ದರು. ಅವತ್ತೇ ಟ್ರಂಪ್ ಸಂಸ್ಥೆಯ ಮುಖ್ಯಸ್ಥೆ ಎರಿಕಾ ಮೆಕ್‌ಎಂಟಾರ್ಫರ್ ಅವರನ್ನು ಕೆಲಸದಿಂದ ತೆಗೆದರು, ಅಂಕಿಯಲ್ಲಿ ಮೋಸ ಅಂದರು. ಪುರಾವೆ ಏನೂ ಕೊಡಲಿಲ್ಲ. ತಡವಾಗಿ ಉತ್ತರ ಕೊಟ್ಟ ಕಂಪನಿಗಳನ್ನು ಸೇರಿಸಿಕೊಂಡಾಗ ಲೆಕ್ಕ ತಿದ್ದೋದು ಪ್ರತಿ ತಿಂಗಳ ಮಾಮೂಲಿ ಕೆಲಸ. ಬಾಗಿಲಿಗೆ ಹೋಗಿ ಕೇಳೋರು ಕಮ್ಮಿಯಾದ ಹಾಗೆ "ಇದು ಸುಳ್ಳು ಲೆಕ್ಕ" ಅನ್ನೋರಿಗೆ ದಾರಿ ಸಲೀಸು.

ಇಷ್ಟು ಹೊತ್ತು ಬೇರೆಯವರ ಮನೆ ದೋಸೆ ತೂತು ತೋರಿಸಿದೆ. ಈಗ ನಮ್ಮ ಮನೆಯದ್ದು.

ಮೂರು ವರ್ಷದ ಹಿಂದೆ ನಮ್ಮ ಪ್ರಾಜೆಕ್ಟಿನಲ್ಲಿ ನಾಲ್ಕು ಜನರ ಒಂದು ಟೀಮ್ ಇತ್ತು. ಒಪ್ಪಂದದ ಪೇಪರ್ ತೆರೆದು, ಅಂಕಿ ಅಂಕಿ ತಾಳೆ ನೋಡಿ, ಅನುಮಾನ ಬಂದರೆ ಕ್ಲೈಂಟಿಗೆ ಫೋನ್ ಮಾಡಿ ಕೇಳೋದು ಅವರ ಕೆಲಸ. ನಾನು ಆ ಕೆಲಸಕ್ಕೆ ಸ್ಕ್ರಿಪ್ಟ್ ಬರೆದೆ. ಮೂರು ತಿಂಗಳಲ್ಲಿ ನಾಲ್ವರು ಒಬ್ಬರಾದರು. ನನಗೆ ಒಂದು ಅವಾರ್ಡು, ಗಿಫ್ಟ್ ವೋಚರ್ರು. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು.

ಹೋದವರಲ್ಲಿ ಒಬ್ಬಾಕೆ ಹಾಸನದ ಕಡೆಯವರು. ಲ್ಯಾಪ್‌ಟಾಪ್ ವಾಪಸ್ ಕೊಡೋಕೆ ಬಂದ ದಿನ ನನ್ನ ಡೆಸ್ಕ್ ಹತ್ತಿರ ನಿಂತು ಕೇಳಿದರು. "ನಿಮ್ಮ ಸ್ಕ್ರಿಪ್ಟಿಗೆ ಒಂದು ತಿಂಗಳು ಅಂಕಿನೇ ಸಿಗಲಿಲ್ಲ ಅಂದ್ರೆ ಏನು ಮಾಡುತ್ತೆ?"

"ಹಿಂದಿನ ತಿಂಗಳದ್ದು ಹಾಕುತ್ತೆ" ಅಂದೆ.

"ಯಾರಿಗೂ ಹೇಳದೆ?"

"ಆ ಸಂಸ್ಥೆ ಅಂಕಿ ಯಾವತ್ತೂ ತಪ್ಪಿಸಲ್ಲ ಮೇಡಂ."

ಆಕೆ ಮತ್ತೇನೂ ಅನ್ನಲಿಲ್ಲ. "ಸರಿ, ಬರ್ತೀನಿ" ಅಂತ ಹೋದರು.

2025ರ ಅಕ್ಟೋಬರ್ 1ರಿಂದ ಅಮೆರಿಕದಲ್ಲಿ ಬಜೆಟ್ ಒಪ್ಪಿಗೆಯಾಗದೆ 43 ದಿನ ಸರ್ಕಾರವೇ ಮುಚ್ಚಿತು. ಇದು ಕೆಲಸಗಾರರ ಕಡಿತದ ಕಥೆ ಅಲ್ಲ, ಆದರೆ ಎಲ್ಲರೂ ಮನೆಯಲ್ಲಿ ಕೂತರೆ ಏನಾಗುತ್ತೆ ಅಂತ ತೋರಿಸಿತು. ಅಕ್ಟೋಬರಿನಲ್ಲಿ ಅಂಗಡಿಗೆ ಯಾರೂ ಹೋಗಲಿಲ್ಲ. ಹೋದ ತಿಂಗಳಿನ ಹಾಲಿನ ಬೆಲೆಯನ್ನು ಈಗ ಹೋಗಿ ಕೇಳೋಕಾಗಲ್ಲ. ಅಕ್ಟೋಬರಿನ ಸೂಚ್ಯಂಕ ಪ್ರಕಟವಾಗಲೇ ಇಲ್ಲ. ಡಿಸೆಂಬರ್ 18ರಂದು ನವೆಂಬರಿನದ್ದು ಬಂತು, ಅಕ್ಟೋಬರ್ ಜಾಗ ಖಾಲಿ.

ನನ್ನ ಸ್ಕ್ರಿಪ್ಟ್ ಹೇಳಿದ ಹಾಗೇ ಮಾಡಿತು. ಸೆಪ್ಟೆಂಬರಿನ ಅಂಕಿಯನ್ನು ಅಕ್ಟೋಬರಿಗೆ ಹಾಕಿಕೊಂಡಿತು. ಅಕ್ಟೋಬರಿಂದ ಅಕ್ಟೋಬರಿಗೆ ಅಂತ ಇದ್ದ ಒಪ್ಪಂದಗಳಿಗೆಲ್ಲ ಹನ್ನೆರಡು ತಿಂಗಳ ಏರಿಕೆ ಬದಲು ಹನ್ನೊಂದು ತಿಂಗಳದ್ದು ಲೆಕ್ಕವಾಯ್ತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ಚುಕ್ಕೆ ಇಲ್ಲ, ಎಲ್ಲ ಹಸಿರು. ಸುದ್ದಿ ಓದಿದ್ದ ನಾನು ಅನುಮಾನ ಬಂದು ಆ ರಾತ್ರಿ ಲಾಗಿನ್ ಆಗಿ ನೋಡಿದ್ದಕ್ಕೆ ಗೊತ್ತಾಯ್ತು. ಮೊದಲಿನ ಟೀಮ್ ಇದ್ದಿದ್ದರೆ ಖಾಲಿ ಜಾಗ ಕಂಡ ತಕ್ಷಣ ಯಾರಾದರೂ ಫೋನ್ ಎತ್ತುತ್ತಿದ್ದರು.

ಸ್ಕ್ರಿಪ್ಟ್ ಬೇಡ ಅಂತ ನಾನು ಹೇಳ್ತಿಲ್ಲ. ಅದರಿಂದಲೇ ನನ್ನ ಮನೆ ಇಎಂಐ ಕಟ್ತಿರೋದು. ಸಾವಿರ ಮನೆಯ ಲೆಕ್ಕ ಕೂಡೋಕೆ ಯಂತ್ರ ಸಾಕು. ಸಾವಿರದ ಒಂದನೇ ಮನೆಯಲ್ಲಿ ಕೂಸು ಹುಟ್ಟಿದೆ ಅಂತ ತಿಳಿಯೋಕೆ ಸಂಕ ದಾಟಿ ಹೋಗೋ ಮೇಷ್ಟ್ರು ಬೇಕು. ಖರ್ಚು ಕಡಿತದ ಪಟ್ಟಿ ಮಾಡೋವಾಗ ಮೊದಲು ಕಾಣೋದು ಆ ಮೇಷ್ಟ್ರ ಸಂಬಳ. ಅವರಿಲ್ಲದೆಯೂ ಟೇಬಲ್ಲು ತುಂಬಿಯೇ ಬರುತ್ತಲ್ಲ, ಹಾಗಾಗಿ ಅವರು ಏನು ಮಾಡ್ತಿದ್ರು ಅಂತ ಯಾರಿಗೂ ನೆನಪಿರಲ್ಲ.

ಮರುದಿನ ಕೋಡ್ ಬದಲಾಯಿಸಿದೆ. ಅಂಕಿ ಸಿಗದಿದ್ದರೆ ಏನೂ ತುಂಬದೆ ನಿಲ್ಲಬೇಕು, ನಿಂತು ಒಬ್ಬರಿಗೆ ಮೇಲ್ ಕಳಿಸಬೇಕು. ಟೆಸ್ಟ್ ಎಲ್ಲ ಪಾಸಾಯ್ತು. ಕೊನೆಗೆ ಮೇಲ್ ಯಾರಿಗೆ ಹೋಗಬೇಕು ಅನ್ನೋ ಜಾಗಕ್ಕೆ ಬಂದು ಕೈ ನಿಂತಿತು. ಉಳಿದಿದ್ದ ಆ ಒಬ್ಬರೂ ಹೋದ ವರ್ಷವೇ ಬೇರೆ ಕಂಪನಿಗೆ ಹೋಗಿದ್ದರು, ಅವರ ಜಾಗಕ್ಕೆ ಯಾರನ್ನೂ ತಗೊಂಡಿರಲಿಲ್ಲ.

ಸದ್ಯಕ್ಕೆ ನನ್ನ ಹೆಸರೇ ಹಾಕಿದ್ದೀನಿ.