ಇವತ್ತಿನ ಬಲ

ನಮ್ಮ ತಂದೆ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕರಾವಳಿಯ ನಮ್ಮಂಥ ಅನೇಕ ಪ್ರೊಟೆಸ್ಟೆಂಟ್ ಕುಟುಂಬಗಳಿಗೆ ಈ ಹೆಂಚಿನ ನಂಟು ಹಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕ್ರೈಸ್ತರಾದ ಮೇಲೆ ಮನೆಯಿಂದಲೂ ಕಸುಬಿನಿಂದಲೂ ಹೊರಬಿದ್ದವರಿಗೆ ಅದೊಂದು ಅನ್ನದ ದಾರಿಯಾಯಿತು. ತಂದೆ ದುಡಿದದ್ದು ಅದಕ್ಕೆ ನೂರು ವರ್ಷಗಳ ಬಳಿಕ, ಬೇರೆ ಮಾಲಕರ ಕೈಕೆಳಗೆ. ಸಂಜೆ ಮನೆಗೆ ಬಂದು, ಉಗುರಿನ ಸಂದಿಯ ಜೇಡಿಮಣ್ಣು ತೊಳೆದು, ಚಿಮಿಣಿ ದೀಪದ ಮುಂದೆ ಸತ್ಯವೇದ ಬಿಚ್ಚುತ್ತಿದ್ದರು. ನಾವು ಮಕ್ಕಳು ಚಾಪೆಯ ಮೇಲೆ. ಓದು ಮುಗಿದ ಮೇಲೆ ಅವರ ಪ್ರಾರ್ಥನೆ ಯಾವಾಗಲೂ ಒಂದೇ: "ಇವತ್ತಿನ ಬಲಕ್ಕೆ ಸ್ತೋತ್ರ ಸ್ವಾಮೀ. ನಾಳೆಯದನ್ನು ನಾಳೆ ಕೇಳುತ್ತೇವೆ."

ಇದೆಂಥ ಪ್ರಾರ್ಥನೆ ಎಂದು ನನಗೆ ಆಗ ಅನಿಸುತ್ತಿತ್ತು. ಕೇಳುವುದಾದರೆ ದೊಡ್ಡದನ್ನೇ ಕೇಳಬಾರದೆ? ಸ್ವಂತ ಜಾಗ, ಅಕ್ಕನ ಮದುವೆ, ಸೋರದ ಮಾಡು. ದಿನವೆಲ್ಲ ಹೆಂಚು ಮಾಡುವವರ ಮನೆಯ ಮಾಡೇ ಸೋರುತ್ತಿತ್ತು, ಅದು ಬೇರೆ ಮಾತು.

ಮುಂದೆ ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕನಾದೆ. ಸಭೆಯಲ್ಲಿಯೂ ನಾಲ್ಕು ಮಾತು ಆಡಬಲ್ಲವನೆಂಬ ಹೆಸರಾಯಿತು. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲದ ಬಗ್ಗೆ ಬರೆದ ಅಧ್ಯಾಯವನ್ನು ಹಿಡಿದು, ಮನುಷ್ಯನ ಬಲಹೀನತೆಯಲ್ಲೇ ದೇವರ ಬಲ ಹೇಗೆ ತೋರುತ್ತದೆ ಎಂದು ಒಂದು ಭಾನುವಾರ ಅರ್ಧ ತಾಸು ಮಾತನಾಡಿದ್ದೆ. ಎಲ್ಲರೂ ಕೈಕುಲುಕಿದರು. ಆಗ ನನಗೆ ಯಾವ ಬಲಹೀನತೆಯೂ ಇರಲಿಲ್ಲ.

2011ರ ನವೆಂಬರಿನ ಒಂದು ರಾತ್ರಿ, ಊಟದ ಹೊತ್ತಿಗೆ, ನನ್ನ ಹೆಂಡತಿಯ ಕೈಯಿಂದ ಸೌಟು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬಲಗೈ ಮಾತು ಕೇಳಲಿಲ್ಲ. ಏನೋ ಹೇಳಿದಳು, ಮಾತು ತೊದಲಿತು. ನಾನು ಆಕೆಯನ್ನು ಮಲಗಿಸಿದೆ. ದಿನವಿಡೀ ದುಡಿದ ಆಯಾಸವಿರಬೇಕು ಎಂದೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಬೆಳಿಗ್ಗೆ ಸರಿಹೋಗುತ್ತದೆ ಎಂದು ಮಕ್ಕಳಿಗೂ ಹೇಳಿ, ದೀಪ ಆರಿಸಿದೆ.

ಓದುಗರು ಇದನ್ನು ಗಮನವಿಟ್ಟು ಓದಬೇಕು. ಮೆದುಳಿನ ಎಡಭಾಗವು ದೇಹದ ಬಲಭಾಗವನ್ನು ನಿಯಂತ್ರಿಸುತ್ತದೆ, ಹೆಚ್ಚಿನವರಲ್ಲಿ ಮಾತಿನ ಕೇಂದ್ರವೂ ಅಲ್ಲಿಯೇ ಇದೆ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ವರ್ಷವರ್ಷವೂ ಕಲಿಸಿದವನು ನಾನು. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು: ಈ ಮೂರರಲ್ಲಿ ಒಂದು ಇದ್ದಕ್ಕಿದ್ದಂತೆ ಕಾಣಿಸಿಕೊಂಡರೂ ಅದು ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು. ಕೂಡಲೇ ಸ್ಕ್ಯಾನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ರಕ್ತ ಹೆಪ್ಪುಗಟ್ಟಿ ಆದದ್ದಾದರೆ ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕಾಗುತ್ತದೆ. ನಾವು ಆಸ್ಪತ್ರೆ ಮುಟ್ಟಿದ್ದು ಮರುದಿನ ಬೆಳಿಗ್ಗೆ ಎಂಟು ಗಂಟೆಗೆ. ಎಷ್ಟು ಹೊತ್ತಿಗೆ ಶುರುವಾಯಿತು ಎಂದು ವೈದ್ಯರು ಕೇಳಿದಾಗ ನಾನು ನೆಲ ನೋಡಿದೆ. ಅವರು ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು.

ದೇವರ ಮೇಲೆ ಭಾರ ಹಾಕುವುದೆಂದರೆ ಆಟೋರಿಕ್ಷಾ ಕರೆಯದೆ ಇರುವುದಲ್ಲ. ಇಷ್ಟು ಸಣ್ಣ ವಿಷಯ ಕಲಿಯಲು ನನಗೆ ಎಷ್ಟು ದೊಡ್ಡ ಬೆಲೆ ಬೇಕಾಯಿತು, ಅದನ್ನೂ ನಾನೇ ಕೊಡಲಿಲ್ಲ, ಆಕೆ ಕೊಟ್ಟಳು.

ಎರಡು ವಾರಗಳ ನಂತರ ಮನೆಗೆ ಕರೆತಂದೆವು. ಮಗಳು ಆಗ ದ್ವಿತೀಯ ಪಿ.ಯು.ಸಿ. ವಿಜ್ಞಾನ, ಮಗ ಹತ್ತನೆಯ ತರಗತಿ. ನಾನೊಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಯಾರು ನೀರು ತುಂಬುವುದು, ಯಾರು ಅನ್ನಕ್ಕಿಡುವುದು, ಎಷ್ಟು ಹೊತ್ತಿಗೆ ವ್ಯಾಯಾಮ ಮಾಡಿಸುವುದು. ಸಭೆಯ ಸ್ತ್ರೀಯರ ಸಂಘದವರು, ಸರದಿಯ ಮೇಲೆ ಮಧ್ಯಾಹ್ನದ ಅಡುಗೆ ತರುತ್ತೇವೆ ಎಂದರು. ಬೇಡ, ದೇವರು ಬಲ ಕೊಟ್ಟಿದ್ದಾನೆ, ನಾವೇ ನೋಡಿಕೊಳ್ಳುತ್ತೇವೆ ಎಂದೆ. ಪಕ್ಕದ ಮನೆಯ ಬ್ಯಾರಿ ಅಜ್ಜಿ ಪಾತ್ರೆಯಲ್ಲಿ ಗಂಜಿ ಹಿಡಿದು ಬಂದರೆ ಜಗಲಿಯಲ್ಲೇ ಮಾತನಾಡಿಸಿ ಕಳುಹಿಸಿದೆ. ಅವರ ಮುಖ ಚಿಕ್ಕದಾದದ್ದು ನನಗೆ ಕಾಣದೆ ಇರಲಿಲ್ಲ.

ಒಳಗೊಳಗೆ ಬೇರೆಯೇ ಇತ್ತು. ಆ ರಾತ್ರಿಯ ತಪ್ಪನ್ನು ನಾನೊಬ್ಬನೇ ದುಡಿದು ತೀರಿಸಬೇಕೆಂಬ ಹಟ. ಬಾಯಲ್ಲಿ ದೇವರ ಬಲ, ಮೈಯಲ್ಲಿ ನನ್ನದೇ ಬಲ. ಸಂಜೆಯ ಪ್ರಾರ್ಥನೆಯೂ ನಿಂತುಹೋಗಿತ್ತು. ಸಮಯವಿಲ್ಲ ಎಂದು ಮಕ್ಕಳಿಗೆ ಹೇಳಿದ್ದೆ. ನಿಜವಾಗಿ, ನನಗೆ ದೇವರ ಮುಂದೆ ಕೂರಲು ಮುಖವಿರಲಿಲ್ಲ.

ಜನವರಿಯಲ್ಲಿ ಪ್ರಾರ್ಥನೆ ಮತ್ತೆ ಶುರುವಾದದ್ದು ಆಕೆಯಿಂದಲೇ. ಮಾತು ಸರಿಯಾಗಿ ಬಾರದಿದ್ದರೂ ಎಡಗೈಯಿಂದ ಕಪಾಟಿನ ಕಡೆ ತೋರಿಸಿ ಸತ್ಯವೇದ ತರಿಸಿದಳು. ಹಿಂದೆ ಓದು ನಿಂತಿದ್ದಲ್ಲಿಂದಲೇ ಮಗಳು ಎತ್ತಿಕೊಂಡಳು: ವಿಮೋಚನಕಾಂಡದ 16ನೆಯ ಅಧ್ಯಾಯ, ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಸಿಕ್ಕಿದ ಮನ್ನ. ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟು ಕೂಡಿಸಿಕೊಳ್ಳಬೇಕು. ನಾಳೆಗೆಂದು ಇಟ್ಟುಕೊಂಡರೆ ಹುಳ ಬೀಳುತ್ತಿತ್ತು. ವಾರದ ಆರನೆಯ ದಿನ ಮಾತ್ರ ಎರಡರಷ್ಟು, ಮರುದಿನ ಸಬ್ಬತ್ತಾದ್ದರಿಂದ. ನನಗೆ ತಂದೆಯ ಪ್ರಾರ್ಥನೆ ಥಟ್ಟನೆ ನೆನಪಾಯಿತು. ಅವರು ಜಿಪುಣತನದಿಂದ ಕೇಳುತ್ತಿರಲಿಲ್ಲ. ಈ ಅಧ್ಯಾಯವನ್ನು ಅವರು ಓದಿದ್ದರು, ಅಷ್ಟೆ.

ವಿದ್ಯಾರ್ಥಿಗಳಿಗೆ ನಾನೊಂದು ಮಾತು ಹೇಳುವುದುಂಟು. ನಮ್ಮ ಜೀವಕೋಶಗಳು ಕೆಲಸಕ್ಕೆ ಬಳಸುವ ಎಟಿಪಿ ಎಂಬ ಶಕ್ತಿಯ ಚಿಲ್ಲರೆ ಹಣ, ಯಾವುದೇ ಒಂದು ಕ್ಷಣದಲ್ಲಿ ಇಡೀ ದೇಹದಲ್ಲಿ ಕೆಲವೇ ಹತ್ತು ಗ್ರಾಂಗಳಷ್ಟು ಇರುತ್ತದೆ. ಅದನ್ನೇ ಮುರಿದು, ಮತ್ತೆ ಕಟ್ಟಿ, ಮತ್ತೆ ಮುರಿದು, ಒಂದು ದಿನದಲ್ಲಿ ದೇಹವು ಹೆಚ್ಚುಕಡಿಮೆ ತನ್ನ ತೂಕದಷ್ಟು ಎಟಿಪಿಯನ್ನು ಚಲಾವಣೆ ಮಾಡುತ್ತದೆ. ಕೊಬ್ಬನ್ನು ಕೂಡಿಡಬಹುದು, ಎಟಿಪಿಯನ್ನು ಕೂಡಿಡಲಾಗದು. ಇದರಿಂದ ಮನ್ನದ ಕಥೆ ರುಜುವಾಯಿತೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರನ್ನು ಕಂಡರೆ ವಿಜ್ಞಾನಕ್ಕೂ ವಿಶ್ವಾಸಕ್ಕೂ ಅವಮಾನವೆಂದು ನನಗೆ ತೋರುತ್ತದೆ. ಆದರೂ ಆ ಪಾಠ ಮಾಡುವಾಗ ತಂದೆಯ ಉಗುರು ಕಣ್ಣ ಮುಂದೆ ಬರುತ್ತದೆ.

ಮರುದಿನ 17ನೆಯ ಅಧ್ಯಾಯ. ಅಮಾಲೇಕ್ಯರ ಸಂಗಡ ಯುದ್ಧ ನಡೆಯುತ್ತಿರುವಾಗ ಮೋಶೆ ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದಾನೆ. ಕೈ ಎತ್ತಿದ್ದರೆ ಗೆಲುವು, ಇಳಿದರೆ ಸೋಲು. ಕೊನೆಗೆ ಕೈ ಭಾರವಾದಾಗ ಅವನನ್ನು ಒಂದು ಕಲ್ಲಿನ ಮೇಲೆ ಕೂರಿಸಿ, ಆರೋನನೂ ಹೂರನೂ ಒಬ್ಬೊಬ್ಬರು ಒಂದೊಂದು ಕಡೆ ನಿಂತು, ಹೊತ್ತು ಮುಳುಗುವ ತನಕ ಎತ್ತಿ ಹಿಡಿದರು.

ಆ ದಿನವೇ ಮಗನ ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ಬಂದಿದ್ದವು. ಓದು ಮುಗಿದ ಕೂಡಲೇ, ಪ್ರಾರ್ಥನೆಗೂ ಮುಂಚೆ, ನಾನು ಅವನ ಮೇಲೆ ಹರಿಹಾಯ್ದೆ. ಗಣಿತದಲ್ಲಿ ಇಷ್ಟು, ವಿಜ್ಞಾನದಲ್ಲಿ ಇಷ್ಟು, ಅಧ್ಯಾಪಕನ ಮಗ. ಅವನು ಸುಮ್ಮನೆ ಕೇಳಿಸಿಕೊಂಡ. ಆಮೇಲೆ ತಲೆ ಎತ್ತದೆಯೇ ಹೇಳಿದ:

"ಮೋಶೆಗೂ ಇಬ್ಬರು ಕೈ ಹಿಡಿದರಲ್ಲ ಪಪ್ಪ. ನೀವು ಮಾತ್ರ ಯಾರನ್ನೂ ಹತ್ತಿರ ಬಿಡುವುದಿಲ್ಲ. ಅಕ್ಕ ನಾಲ್ಕು ಗಂಟೆಗೆ ಎದ್ದು ಅಡುಗೆ ಮಾಡುತ್ತಾಳೆ, ರಾತ್ರಿ ಪುಸ್ತಕದ ಮೇಲೆ ತಲೆಯಿಟ್ಟು ಅಳುತ್ತಾಳೆ. ನಿಮಗೆ ಗೊತ್ತುಂಟಾ?"

ನನಗೆ ಗೊತ್ತಿರಲಿಲ್ಲ. ಮಗಳು ಎದ್ದು ಅಡುಗೆಮನೆಗೆ ಹೋದಳು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಆಕೆಗೆ ಗೊತ್ತಿತ್ತು, ಹೇಳಲು ಮಾತಿರಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಬ್ಯಾರಿ ಅಜ್ಜಿಯ ಮನೆಗೆ ಹೋದೆ. ಅಂಗಳದಲ್ಲಿ ನಿಂತು, ಮಧ್ಯಾಹ್ನ ಸ್ವಲ್ಪ ಹೊತ್ತು ಇವಳ ಬಳಿ ಬಂದು ಕೂರಬಹುದೇ ಎಂದು ಕೇಳಿದೆ. ಮೂವತ್ತು ಹೆಜ್ಜೆಯ ದಾರಿ, ನಡೆಯಲು ಬಹಳ ಹೊತ್ತಾಯಿತು. ಅಜ್ಜಿ ಹಳೆಯದೇನನ್ನೂ ಎತ್ತಲಿಲ್ಲ. "ಅಷ್ಟು ಹೇಳಲಿಕ್ಕೆ ಇಷ್ಟು ದಿನವಾ ಮಾಷ್ಟ್ರೇ?" ಎಂದರು. ಸಂಘದವರಿಗೂ ಫೋನ್ ಮಾಡಿದೆ. ಗೋಡೆಯ ವೇಳಾಪಟ್ಟಿಯಲ್ಲಿ ಮಗಳ ಹೆಸರಿದ್ದ ಕಡೆಯಲ್ಲೆಲ್ಲ ಬೇರೆ ಹೆಸರುಗಳು ಬಂದವು.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಗ ಚೆನ್ನಾಗಿಯೇ ಪಾಸಾದ. ಮಗಳಿಗೆ ಆಕೆ ಬಯಸಿದ್ದ ಸೀಟು ಸಿಗಲಿಲ್ಲ. ಕಳೆದುಹೋದ ಎರಡು ತಿಂಗಳು ಮಾರ್ಚಿನೊಳಗೆ ಹಿಂದೆ ಬರಲಿಲ್ಲ. ಬಿ.ಎಸ್ಸಿ. ಮಾಡಿ ಈಗ ಬ್ಯಾಂಕಿನಲ್ಲಿದ್ದಾಳೆ, ಒಮ್ಮೆಯೂ ನನ್ನನ್ನು ದೂರಿಲ್ಲ. ಹೆಂಡತಿಯ ಬಲಗಾಲಿಗೆ ಬಲ ಬಂದಿದೆ, ಬಲಗೈಗೆ ಪೂರ್ತಿ ಬಂದಿಲ್ಲ. ಎಡಗೈಯಲ್ಲಿ ಬರೆಯಲು ಕಲಿತಳು, ಕಾಗುಣಿತದಿಂದ ಹಿಡಿದು. ಅಜ್ಜಿ ಈಗಿಲ್ಲ.

ಸಂಜೆಯ ಪ್ರಾರ್ಥನೆಯಲ್ಲಿ ಆಕೆಯ ಸರದಿ ಬಂದಾಗ ಇವತ್ತಿಗೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಒಂದು ಪದ ಸಿಗದೆ ನಿಲ್ಲುತ್ತಾಳೆ. ಮೊದಲೆಲ್ಲ ನಾನು ಎತ್ತಿಕೊಡುತ್ತಿದ್ದೆ, ಈಗ ಇಲ್ಲ. ಕಣ್ಣು ಮುಚ್ಚಿ ಕಾಯುತ್ತೇವೆ. ಅಷ್ಟರಲ್ಲಿ ಕುಕ್ಕರು ಮೂರು ಸೀಟಿ ಹೊಡೆದಿರುತ್ತದೆ, ಯಾರೂ ಏಳುವುದಿಲ್ಲ, ಅನ್ನ ಕೊಂಚ ಮೆತ್ತಗಾಗುತ್ತದೆ.