ಅನುನಾಸಿಕ ಪ್ರಸಂಗ

ಶಸ್ತ್ರಚಿಕಿತ್ಸೆಗಳಲ್ಲಿ ಚಿಕ್ಕದು, ದೊಡ್ಡದು ಎಂಬ ಭೇದವನ್ನು ಕಲ್ಪಿಸತಕ್ಕವರು ವೈದ್ಯರು. ಕತ್ತಿ ಎಷ್ಟು ಆಳಕ್ಕೆ ಇಳಿಯಿತು, ರಕ್ತವೆಷ್ಟು ಹೋಯಿತು, ರೋಗಿ ಎಷ್ಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದ ಎಂಬುದು ಅವರ ಲೆಕ್ಕ. ಮನೆಗೆ ಬಂದ ತರುವಾಯ ಅವನು ಎಷ್ಟು ರಾತ್ರಿ ದಿಂಬಿಗೊರಗಿ ಕುಳಿತೇ ಬೆಳಗುಮಾಡಿದನೆಂಬುದು ಆ ಲೆಕ್ಕಕ್ಕೆ ಸೇರುವುದಿಲ್ಲ. ನನಗಾದುದು ಚಿಕ್ಕದು. ಮೂಗಿನ ಎರಡು ಹೊಳ್ಳೆಗಳ ನಡುವಣ ಗೋಡೆ ಬಾಲ್ಯದಿಂದಲೂ ಬಲಕ್ಕೆ ವಾಲಿದ್ದಿತು. ಅದನ್ನು ನೆಟ್ಟಗೆ ಮಾಡಿದರು. ಇದೇನೂ ಹೊಸ ವಿದ್ಯೆಯಲ್ಲ. ಶಿಕಾಗೋ ನಗರದ ಫ್ರೀರ್ ಎಂಬವರು ೧೯೦೨ರಲ್ಲಿಯೂ ಜರ್ಮನಿಯ ಕಿಲಿಯನ್ ಎಂಬವರು ೧೯೦೪ರಲ್ಲಿಯೂ, ಮೇಲಣ ಲೋಳೆಪೊರೆಯನ್ನು ಕೆಡಿಸದೆ ಒಳಗಿನ ಸೊಟ್ಟ ಭಾಗವನ್ನು ಮಾತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದ್ದರು. ಈಗಿನವರು ತೆಗೆಯುವುದಕ್ಕಿಂತ ತಿದ್ದುವುದೇ ಹೆಚ್ಚು. ಅಂತೂ ಮುಕ್ಕಾಲು ಗಂಟೆಯ ಕೆಲಸ, ಮರುದಿನವೇ ಮನೆ.

ಮೂಗನ್ನು ಕತ್ತಿಗೆ ಒಪ್ಪಿಸಲು ಕಾರಣವಿದ್ದಿತು. ವೃತ್ತಿಯಿಂದ ಉಪಾಧ್ಯಾಯನಾಗಿದ್ದ ನಾನು ಅಭಿರುಚಿಯಿಂದ ಗಮಕಿ. ಆರು ವರ್ಷಗಳಿಂದ ನಮ್ಮ ಬೀದಿಯ ರಾಮಮಂದಿರದಲ್ಲಿ ಶನಿವಾರದ ಸಂಜೆ ಕುಮಾರವ್ಯಾಸಭಾರತದ ವಾಚನ ನಡೆಯುತ್ತಿದೆ. ಓದುವವನು ನಾನು, ಅರ್ಥ ಹೇಳತಕ್ಕವರು ನನಗಿಂತ ಹದಿನಾರು ವರ್ಷ ಹಿರಿಯರಾದ ಪಂಡಿತರೊಬ್ಬರು. ಅವರಿಗೆ ಈಗ ಎಂಬತ್ತನಾಲ್ಕು. ಹತ್ತು ಪರ್ವಗಳಲ್ಲಿ ಒಂಬತ್ತು ಮುಗಿದು ಗದಾಪರ್ವವೊಂದೇ ಉಳಿದಿದ್ದಿತು. ಭಾಮಿನಿ ಷಟ್ಪದಿಯ ಮೂರನೆಯ ಮತ್ತು ಆರನೆಯ ಸಾಲುಗಳು ಇಪ್ಪತ್ತಮೂರು ಮಾತ್ರೆಗಳಷ್ಟು ಉದ್ದ. ಅಲ್ಲಿಗೆ ಬರುವಾಗ ನನ್ನ ಉಸಿರು ಸಾಲದಾಗುತ್ತಿದ್ದಿತು. ಮೂಗು ತೆರೆದರೆ ಗದಾಪರ್ವವನ್ನು ಸೊಗಸಾಗಿ ಮುಗಿಸಬಹುದೆಂಬುದು ನನ್ನ ಆಸೆ.

ತುರುಕಿದ್ದ ಬತ್ತಿಯನ್ನು ಎರಡನೆಯ ದಿನ ಎಳೆದು ತೆಗೆದರು. ಆ ಅರೆನಿಮಿಷದ ಸುಖವನ್ನು ಏನೆಂದು ಬಣ್ಣಿಸಲಿ! ಅನಂತರ ಆರಂಭವಾಯಿತು, ಸಿಂಬಳ. ಇಂಥ ಮಾತನ್ನು ಸಭ್ಯರ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಕಣ್ಣೀರಿಗೆ ಕಾವ್ಯದಲ್ಲಿ ಸಿಂಹಾಸನವೇ ಉಂಟು. ಬೆವರಿಗೂ ಈಚೆಗೆ ಮರ್ಯಾದೆ ಬಂದಿದೆ. ಅದೇ ಮುಖದಿಂದ ಇಳಿಯುವ ಇದೊಂದಕ್ಕೆ ಮಾತ್ರ ಹೆಸರೆತ್ತುವವರಿಲ್ಲ. ಹಗಲೆಲ್ಲ ಗಟ್ಟಿ, ಅಂಟು; ರಾತ್ರಿಯಾದರೆ ಗಂಟಲಿಗೆ ಇಳಿದು ಕೆಮ್ಮು. ಸೀದುವುದು ಎರಡು ವಾರ ನಿಷಿದ್ಧ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ನಮ್ಮ ಮನೆಯವಳು ಅರ್ಧರಾತ್ರಿಯಲ್ಲಿ ಎದ್ದು ದಿಂಬುಗಳನ್ನು ಸರಿಪಡಿಸುವಾಗ, “ಇದಕ್ಕಿಂತ ಹಳೆಯ ಮೂಗೇ ವಾಸಿಯಾಗಿತ್ತಲ್ಲ” ಎಂದಳು. ನನಗೂ ಹಾಗೆಯೇ ತೋರಿದ್ದಿತು, ಆದರೆ ಹೇಳಲಿಲ್ಲ.

ಹೇಳುವುದಾದರೂ ಹೇಗೆ? ಬಾಯಿ ಮೂಗುಗಳೆರಡರಿಂದಲೂ ಉಚ್ಚರಿಸತಕ್ಕದ್ದು ಅನುನಾಸಿಕವೆಂದು ಪಾಣಿನಿ ಲಕ್ಷಣ ಹೇಳಿದ್ದಾನೆ. ಮೂವತ್ತು ವರ್ಷ ತರಗತಿಯಲ್ಲಿ ನಾನು ಪಾಠ ಮಾಡಿದ ಆ ವಿಷಯ ಈಗ ಪ್ರತ್ಯಕ್ಷವಾಯಿತು. ಮೂಗಿನ ದಾರಿ ಮುಚ್ಚಿದೊಡನೆಯೇ ಮಕಾರವು ಬಕಾರವಾಗುತ್ತದೆ, ನಕಾರವು ದಕಾರವಾಗುತ್ತದೆ. ‘ನಮ್ಮ ಮನೆ’ ಎಂದರೆ ‘ದಬ್ಬ ಬದೆ’ ಎಂದು ಹೊರಡುತ್ತಿದ್ದಿತು. ಮೊಮ್ಮಗಳು ಬಿದ್ದು ಬಿದ್ದು ನಕ್ಕು, “ತಾತಾ, ಇನ್ನೊಂದು ಸಲ ಹೇಳು” ಎನ್ನುವಳು. ಮನೆಯಲ್ಲಿ ಇದು ವಿನೋದವೇ ಸರಿ. ಆದರೆ ಭೀಮನು ಭೀಬನಾಗಿಯೂ ಸುಯೋಧನನು ಸುಯೋಧದನಾಗಿಯೂ ಗದೆಯನ್ನೆತ್ತಿದರೆ, ಕೇಳಬಂದವರು ಎಲ್ಲಿ ಮುಖ ಮರೆಸಿಕೊಳ್ಳಬೇಕು? ಶನಿವಾರದ ವಾಚನ ನಿಂತಿತು.

ನೋಡಬಂದವರೆಲ್ಲರೂ ಒಂದೊಂದು ಮದ್ದು ತಂದರು. ಮೆಣಸಿನ ಕಷಾಯ ಒಬ್ಬರದು, ನಶ್ಯದ ಡಬ್ಬಿ ಇನ್ನೊಬ್ಬರದು. ಪುದೀನದ ಸತ್ತ್ವ ಸೇರಿದ ಮುಲಾಮನ್ನು ಮೂಸಿದೆನು; ಮೂಗು ಬಿಚ್ಚಿತೆಂದೇ ತೋರಿತು. ವಾಸ್ತವದಲ್ಲಿ ಅದು ಹಾದಿಯನ್ನು ಕೂದಲೆಳೆಯಷ್ಟೂ ಅಗಲ ಮಾಡುವುದಿಲ್ಲವಂತೆ. ತಂಪನ್ನು ಗುರುತಿಸುವ ನರಗಳನ್ನು ತಟ್ಟಿ, ಗಾಳಿ ಆಡುತ್ತಿದೆಯೆಂಬ ಭಾವನೆಯನ್ನು ಮಾತ್ರ ಹುಟ್ಟಿಸುತ್ತದೆ. ಮೂಗು ಕಟ್ಟಿರುವುದು ಬೇರೆ, ಕಟ್ಟಿದೆಯೆಂದು ಅನಿಸುವುದು ಬೇರೆ ಎಂಬ ಈ ವಿಷಯ ನನಗೆ ವೇದಾಂತಕ್ಕಿಂತ ಹೆಚ್ಚು ಯೋಚನೆ ಕೊಟ್ಟಿತು. ಅಂಗಡಿಯಲ್ಲಿ ಸಿಗುವ ಮೂಗಿನ ಹನಿಗಳು ನಿಜವಾಗಿಯೂ ಹಾದಿ ಬಿಡಿಸುತ್ತವೆ. ಆದರೆ ನಾಲ್ಕೈದು ದಿನ ಮೀರಿ ಹಾಕಿದರೆ, ಬಿಟ್ಟೊಡನೆ ಮೊದಲಿಗಿಂತ ಹೆಚ್ಚಾಗಿ ಕಟ್ಟುತ್ತದೆ. ಅವನ್ನು ವೈದ್ಯರು ನನ್ನ ಕೈಗೇ ಕೊಡಲಿಲ್ಲ.

ಅವರು ವಿಧಿಸಿದ್ದು ಉಪ್ಪುನೀರು. ಒಂದು ಲೀಟರ್ ನೀರಿಗೆ ಒಂಬತ್ತು ಗ್ರಾಂ ಉಪ್ಪು, ಬೆಚ್ಚಗೆ, ದಿನಕ್ಕೆ ಮೂರು ಸಲ. ಹಿಂದೆ ಹಠಪ್ರದೀಪಿಕೆಯ ಸ್ವಾತ್ಮಾರಾಮ ಹೇಳಿದ ನೇತಿ ಗೇಣುದ್ದದ ದಾರದ್ದು. ಮೂಗಿನಲ್ಲಿ ಹಾಕಿ ಬಾಯಿಂದ ತೆಗೆಯತಕ್ಕದ್ದು. ನನ್ನದು ನೀರಿನದೆಂಬುದೇ ಸಮಾಧಾನ! ಬಾಗಿ ನಿಂತು ಒಂದು ಹೊಳ್ಳೆಗೆ ಎರೆದರೆ ಇನ್ನೊಂದರಿಂದ ಇಳಿಯುವುದು, ಅದರೊಡನೆ ಹಕ್ಕಳೆಗಳೂ ಬರುವುವು. ಈ ನೀರಿನ ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿಯದೂ ಬಾವಿಯದೂ ಹಾಗೆಯೇ ಕೂಡದು. ೧೯೬೫ರಲ್ಲಿ ಆಸ್ಟ್ರೇಲಿಯದ ಫೌಲರ್ ಎಂಬ ವೈದ್ಯರು ಗುರುತಿಸಿದ ಒಂದು ಅಮೀಬವಿದೆ. ಅದಿರುವ ನೀರನ್ನು ಕುಡಿದರೆ ಬಾಧೆಯಿಲ್ಲ. ಮೂಗಿನ ಮೇಲಣ ತುದಿಯಿಂದ ಹೊಕ್ಕರೆ ಮಿದುಳಿಗೇ ಏರುತ್ತದೆ, ಬದುಕುವವರು ವಿರಳ. ಕೇರಳದಲ್ಲಿ ೨೦೨೪, ೨೦೨೫ರಲ್ಲಿ ಮಿದುಳಿನ ಅಮೀಬ ರೋಗದಿಂದ ಸಾವುಗಳಾದುದನ್ನು ವಾಚಕರು ಬಲ್ಲರು.

ನಾಲ್ಕನೆಯ ವಾರ, ಶಸ್ತ್ರಕ್ರಿಯೆಯೇ ಕೆಟ್ಟಿತೆಂದು ನಿಶ್ಚಯಿಸಿಕೊಂಡು ವೈದ್ಯರ ಮುಂದೆ ಕುಳಿತೆನು. ಅವರು ದುರ್ಬೀನು ತೂರಿಸಿ ನೋಡಿ, ಗೋಡೆ ನೆಟ್ಟಗಿದೆ, ಊತ ಮಾತ್ರ ಉಳಿದಿದೆ ಎಂದರು. ಆರೋಗ್ಯವಂತನ ಮೂಗಿನಲ್ಲಿಯೂ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ಶ್ಲೇಷ್ಮ ಹುಟ್ಟುತ್ತದೆಯಂತೆ. ಕಣ್ಣಿಗೆ ಕಾಣದ ರೋಮಗಳು ಸೆಕೆಂಡಿಗೆ ಹತ್ತು ಹದಿನೈದು ಸಲ ಬಡಿಯುತ್ತ ಅದನ್ನು ಗಂಟಲಿಗೆ ಸಾಗಿಸುತ್ತವೆ. ನಾವು ಅರಿಯದೆಯೇ ನುಂಗುತ್ತೇವೆ. ಕತ್ತಿ ಆಡಿದೆಡೆಯಲ್ಲಿ ಆ ರೋಮಗಳು ನಾಶವಾಗಿರುತ್ತವೆ. ಹಮಾಲರು ಬಾರದ ದಿನದ ಮಂಡಿಯಂತೆ, ಬಂದ ಸರಕು ಬಂದಲ್ಲಿಯೇ ಬೀಳುತ್ತದೆ. ಅವು ಮರಳಿ ಬೆಳೆದು ಕೆಲಸ ಹಿಡಿಯಲು ವಾರಗಳೇ ಬೇಕು, ಕೆಲವರಿಗೆ ತಿಂಗಳುಗಳು. “ಜ್ವರ, ದುರ್ಗಂಧ, ನಿಲ್ಲದ ರಕ್ತ, ಒಂದೇ ಕಡೆಯಿಂದ ತಿಳಿನೀರು ಸುರಿಯುವುದು, ಇವು ಕಂಡರೆ ಓಡಿಬನ್ನಿ. ಉಳಿದುದಕ್ಕೆ ಉಪ್ಪುನೀರು, ಕಾಲ” ಎಂದರು.

ಎರಡು ಹೊಳ್ಳೆಗಳೂ ಸಮನಾಗಿ ಆಡುತ್ತಿಲ್ಲವೆಂಬುದು ನನ್ನ ಮುಖ್ಯ ದೂರು. ಗಳಿಗೆಗೊಮ್ಮೆ ಕನ್ನಡಿಗೆ ಉಸಿರು ಬಿಟ್ಟು ಮಂಜು ಅಳೆಯುತ್ತಿದ್ದೆನು. ಅದಕ್ಕೂ ಅವರು ನಕ್ಕರು. ಯಾರ ಮೂಗಿನಲ್ಲಿಯೂ ಅವು ಸಮನಾಗಿರುವುದಿಲ್ಲ. ಕೆಲವು ಗಂಟೆಗಳಿಗೊಮ್ಮೆ ಒಂದು ತೆರೆದರೆ ಇನ್ನೊಂದು ತುಸು ಮುಚ್ಚುತ್ತದೆ. ೧೮೯೫ರಲ್ಲಿ ಕೈಸರ್ ಎಂಬ ಜರ್ಮನ್ ವೈದ್ಯರು ಇದನ್ನು ವರ್ಣಿಸಿದರು. ಸ್ವರಶಾಸ್ತ್ರ ಬಲ್ಲ ನಮ್ಮ ಹಿರಿಯರು ಇಡಾ ಪಿಂಗಳೆಗಳ ಸಂಚಾರವೆಂದು ಅದಕ್ಕೆ ಬಹುಕಾಲ ಮೊದಲೇ ಗಮನಿಸಿದ್ದರು. ಮನೆಗೆ ಬಂದು ಕನ್ನಡಿಯನ್ನು ಮೊಳೆಗೆ ತೂಗುಹಾಕಿದೆನು.

ಪಂಡಿತರು ಊರುಗೋಲು ಹಿಡಿದು ಎರಡು ಸಲ ಬಂದರು. ಮೂಗಿನ ವಿಚಾರ ಎತ್ತಲೇ ಇಲ್ಲ. ಎರಡನೆಯ ಸಲ ಮಾತ್ರ, ಮೆಟ್ಟಿಲಿಳಿಯುತ್ತ, “ರಾಯರೇ, ಗದಾಪರ್ವದ ಹಾಳೆಗಳನ್ನು ಗುರುತು ಹಾಕಿಟ್ಟಿದ್ದೇನೆ. ನನಗೆ ಕಣ್ಣೂ ಅಷ್ಟಕ್ಕಷ್ಟೆ. ಬೇಗ ಎನ್ನುವುದಿಲ್ಲ, ಆದರೆ ತೀರ ತಡವೂ ಬೇಡ” ಎಂದರು.

ಏಳನೆಯ ವಾರ ಮಕಾರ ಬಂದಿತು, ಒಂಬತ್ತನೆಯದರಲ್ಲಿ ನಕಾರ. ಹನ್ನೊಂದನೆಯ ವಾರದ ಶನಿವಾರ ಗದಾಪರ್ವವನ್ನು ಆರಂಭಿಸಿದೆವು. ಐದು ಪದ್ಯಗಳಿಗೊಮ್ಮೆ ನಾನು ನಿಲ್ಲಿಸಿ ಗಂಟಲು ಸರಿಮಾಡಿಕೊಳ್ಳುತ್ತೇನೆ. ಆ ಬಿಡುವಿನಲ್ಲಿ ಪಂಡಿತರು ಅರ್ಥವನ್ನು ಸ್ವಲ್ಪ ಬೆಳೆಸುತ್ತಾರೆ. ಈಗ ಸುಯೋಧನನು ವೈಶಂಪಾಯನ ಸರೋವರದ ನೀರಿನೊಳಗಿದ್ದಾನೆ. ಉಪ್ಪುನೀರು ದಿನಕ್ಕೆ ಒಂದೇ ಸಲ.