ನೆರಳು ಸುಳ್ಳು ಹೇಳಬಾರದು

1993ರಲ್ಲಿ ತೆರೆಕಂಡ 'ಜುರಾಸಿಕ್ ಪಾರ್ಕ್' ಚಿತ್ರದ ಡೈನೋಸಾರ್‌ಗಳನ್ನು ನೋಡಿ ಜನ ಬೆರಗಾದರು. ಅವುಗಳಲ್ಲಿ ಕೆಲವು ಯಂತ್ರದ ಬೊಂಬೆಗಳು. ಕೆಲವು ಕಂಪ್ಯೂಟರಿನಲ್ಲೇ ಹುಟ್ಟಿದವು. ಕಂಪ್ಯೂಟರಿನಲ್ಲಿ ಹುಟ್ಟಿದ ಪ್ರಾಣಿಗೆ ಮೈಯೆಂಬುದಿಲ್ಲ. ಅದರ ಮೇಲೆ ಬಿಸಿಲು ಬೀಳದು, ನೆಲದ ಮೇಲೆ ಅದರ ನೆರಳೂ ಬೀಳದು. ಪಕ್ಕದಲ್ಲಿ ನಿಂತ ನಟನ ಮೇಲಾದರೋ ನಿಜವಾದ ಬಿಸಿಲು! ಇಬ್ಬರನ್ನೂ ಒಂದೇ ಬೆಳಕಿನಲ್ಲಿ ನಿಲ್ಲಿಸುವುದು ಹೇಗೆ?

ಪ್ರೇಕ್ಷಕನ ಕಣ್ಣು ಬಲು ಚುರುಕು. ನಟನ ನೆರಳು ಬಲಕ್ಕೂ ಪ್ರಾಣಿಯ ನೆರಳು ಎಡಕ್ಕೂ ಬಿದ್ದರೆ, ಕಾರಣ ತಿಳಿಯದಿದ್ದರೂ ಅದು 'ಅಂಟಿಸಿದ್ದು' ಎಂದು ಕಂಡುಹಿಡಿಯುತ್ತದೆ. ದಿಕ್ಕು ಸರಿಯಿದ್ದರಷ್ಟೇ ಸಾಲದು. ಸೂರ್ಯ ಒಂದು ಚುಕ್ಕಿಯಲ್ಲ. ಭೂಮಿಯಿಂದ ಸುಮಾರು ಅರ್ಧ ಡಿಗ್ರಿ ಅಗಲದ ಬಿಂಬವಾಗಿ ಕಾಣುತ್ತಾನೆ. ಆದ್ದರಿಂದ ನಡುನೆತ್ತಿಯ ಬಿಸಿಲಿನಲ್ಲಿ, ನೆಲದಿಂದ 1 ಮೀಟರ್ ಎತ್ತರದಲ್ಲಿರುವ ವಸ್ತುವಿನ ನೆರಳಿನ ಅಂಚು ಸುಮಾರು 9 ಮಿಲಿಮೀಟರ್‌ನಷ್ಟು ಮಸುಕಾಗುತ್ತದೆ. ಮೋಡ ಕವಿದರೆ ಇಡೀ ಆಕಾಶವೇ ದೀಪ, ನೆರಳು ಕರಗಿಹೋಗುತ್ತದೆ. ನೆಲ ಕೆಮ್ಮಣ್ಣಿನದಾದರೆ ಪ್ರಾಣಿಯ ಹೊಟ್ಟೆಯಡಿಗೂ ಆ ಕೆಂಪು ತಗುಲಬೇಕು.

ಇಷ್ಟನ್ನೂ ಬರೀ ಕಣ್ಣಂದಾಜಿನಿಂದ ಹೊಂದಿಸುವುದು ಪ್ರಯಾಸದ ಕೆಲಸ. ಇದಕ್ಕೆ ನೆರವಾದದ್ದು ಹತ್ತನೆಯ ತರಗತಿಯ ಪೀನ ದರ್ಪಣ! ಚಿತ್ರೀಕರಣದ ಸ್ಥಳದಲ್ಲಿ ಕನ್ನಡಿಯಂತೆ ಹೊಳೆಯುವ ಗೋಳವೊಂದನ್ನಿಟ್ಟರೆ, ಸುತ್ತಲಿನ ಹೆಚ್ಚುಕಡಿಮೆ ಎಲ್ಲ ದಿಕ್ಕುಗಳ ಬೆಳಕೂ ಅದರಲ್ಲಿ ಪ್ರತಿಬಿಂಬಿಸುತ್ತದೆ. ಆದರೆ ಒಂದೇ ಫೋಟೋದಲ್ಲಿ ಬಿಸಿಲು, ನೆರಳು ಎರಡೂ ಸರಿಯಾಗಿ ಮೂಡುವುದು ಕಷ್ಟ. ನೆರಳು ಕಾಣುವಂತೆ ತೆಗೆದರೆ ಸೂರ್ಯ ಬರೀ ಬಿಳಿ ಕಲೆ. ಸೂರ್ಯನಿಗೆ ಹೊಂದಿಸಿದರೆ ಉಳಿದದ್ದೆಲ್ಲ ಕತ್ತಲು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಡೆಬೆವೆಕ್ ಮತ್ತು ಅವರ ಮಾರ್ಗದರ್ಶಕ, ನಮ್ಮ ಕಾನ್ಪುರದ ಐಐಟಿಯಲ್ಲಿ ಓದಿದ ಜಿತೇಂದ್ರ ಮಲಿಕ್ 1997ರಲ್ಲಿ ಇದಕ್ಕೊಂದು ವಿಧಾನ ಪ್ರಕಟಿಸಿದರು. ಒಂದೇ ದೃಶ್ಯವನ್ನು ಹೆಚ್ಚು-ಕಡಿಮೆ ಹೊತ್ತು ಬೆಳಕಿಗೊಡ್ಡಿ ಹಲವು ಫೋಟೋ ತೆಗೆದು, ಅವುಗಳಿಂದ ಅಲ್ಲಿನ ಬೆಳಕಿನ ಪ್ರಮಾಣವನ್ನು ಲೆಕ್ಕ ಹಾಕುವುದೇ ಆ ವಿಧಾನ. ಮರುವರ್ಷ ಡೆಬೆವೆಕ್ ಇದನ್ನು ಹೊಳೆಯುವ ಗೋಳದ ಫೋಟೋಗಳಿಗೆ ಅನ್ವಯಿಸಿ, ಹೀಗೆ ಅಳೆದ ಬೆಳಕಿನಿಂದಲೇ ಕಂಪ್ಯೂಟರಿನ ವಸ್ತುಗಳನ್ನು ಬೆಳಗಿಸಿ ತೋರಿಸಿದರು. ಇಂದಿಗೂ ಚಿತ್ರೀಕರಣದ ನಡುವೆ ಹೊಳೆಯುವ ಗೋಳದ ಜೊತೆಗೆ ಬೂದುಬಣ್ಣದ ಗೋಳವೊಂದನ್ನೂ ಹಿಡಿದು ಕ್ಯಾಮೆರಾ ಮುಂದೆ ನಿಲ್ಲುವುದುಂಟು. ಬೆಳಕಿನ ದಿಕ್ಕು, ಬಣ್ಣ, ಮೃದುತ್ವವನ್ನು ಬೂದುಗೋಳ ಒಂದೇ ನೋಟಕ್ಕೆ ಹೇಳಿಬಿಡುತ್ತದೆ.

'ಕಂಪ್ಯೂಟರ್ ಕಲಿತರೆ ಸಾಕು, ಭೌತವಿಜ್ಞಾನ ಯಾಕೆ?' ಎನ್ನುವ ಮಕ್ಕಳಿದ್ದಾರೆ. ದುಬಾರಿ ಕೋರ್ಸಿಗೆ ಹಣ ಕಟ್ಟಿದರೆ ಎಲ್ಲವೂ ಬಂದೀತೆಂದು ನಂಬುವ ತಂದೆತಾಯಂದಿರೂ ಇದ್ದಾರೆ. ಸಾಫ್ಟ್‌ವೇರ್ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಪತನ ಕೋನಕ್ಕೆ ಪ್ರತಿಫಲನ ಕೋನ ಸಮ ಎಂಬುದು ಹಳತಾಗುವುದಿಲ್ಲ. ಕಲಿಕೆಯನ್ನು ಇವತ್ತೇ, ಖರ್ಚಿಲ್ಲದೆ ಆರಂಭಿಸಬಹುದು. ಸ್ಟೀಲ್ ಸೌಟಿನ ಬೆನ್ನಿನಲ್ಲಿ ಕೋಣೆಯ ಕಿಟಕಿ, ದೀಪ, ಗೋಡೆಗಳನ್ನು ಹುಡುಕಲಿ. ಅಂಗಳದ ಬಿಸಿಲಿನಲ್ಲಿ ಪೆನ್ಸಿಲೊಂದನ್ನು ನೆಲದಿಂದ ಮೆಲ್ಲಗೆ ಮೇಲೆತ್ತಿ, ಅದರ ನೆರಳಿನ ಅಂಚು ಎಷ್ಟೆತ್ತರದಲ್ಲಿ ಮಸುಕಾಗತೊಡಗಿತೆಂದು ಬರೆದಿಡಲಿ. ಇಷ್ಟನ್ನು ಕುತೂಹಲದಿಂದ ಮಾಡುವ ಮಗುವಿಗೆ ಆ ಕೋರ್ಸು ಒಪ್ಪೀತು.